ಮುದಿ ಮೈಯ ಎಳೆ ಚಿಗುರು

ಕೆಲವು ಪ್ರಯೋಗಗಳು ಒಳ್ಳೆಯ ನೇಯ್ಗೆಯ ಹಾಗೆ: ಎಳೆಗಳು ಕೆಲವೇ, ಹೆಣಿಗೆ ಬಲು ಬಿಗಿ. ಸ್ಟ್ಯಾನ್‌ಫರ್ಡ್‌ನ ಥಾಮಸ್ ರ‍್ಯಾಂಡೊ, ಇರೀನಾ ಕಾನ್‌ಬಾಯ್ ಮತ್ತು ಸಂಗಡಿಗರು 2005ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗ ನನಗೆ ಅಂಥದ್ದು. ಎಳೆಯ ಇಲಿ, ಮುದಿ ಇಲಿಗಳ ಪಕ್ಕೆಗಳನ್ನು ಸೇರಿಸಿ ಹೊಲಿದರು. ಗಾಯ ಮಾಯುತ್ತ ಸಣ್ಣ ರಕ್ತನಾಳಗಳು ಕೂಡಿಕೊಂಡು, ಎರಡು ಮೈಗಳಲ್ಲೂ ಒಂದೇ ರಕ್ತ ಹರಿಯಿತು. ಐದು ವಾರದ ಮೇಲೆ ಕಾಲಿನ ಸ್ನಾಯುವಿಗೆ ಗಾಯ ಮಾಡಿ ನೋಡಿದರೆ, ಮುದಿ ಇಲಿಯ ಸ್ನಾಯು ಎಳೆಯದರಂತೆ ಚುರುಕಾಗಿ ಕೂಡಿಕೊಳ್ಳುತ್ತಿತ್ತು.

ನಾನು ತಲೆದೂಗುವುದು ಅವರ ಎಚ್ಚರಕ್ಕೆ. ಎಳೆಯ ಇಲಿಯ ಜೀವಕೋಶಗಳೇ ವಲಸೆ ಬಂದು ರಿಪೇರಿ ಮಾಡಿರಬಹುದಲ್ಲ? ಆ ಅನುಮಾನ ಬಗೆಹರಿಯಲೆಂದೇ ಅವುಗಳಿಗೆ ಹಸಿರಾಗಿ ಹೊಳೆಯುವ ಗುರುತು ಇಟ್ಟಿದ್ದರು. ಹೊಸ ಸ್ನಾಯುವಿನಲ್ಲಿ ಆ ಹಸಿರು ಇಲ್ಲವೆನ್ನುವಷ್ಟು ಕಡಿಮೆ. ದುಡಿದದ್ದು ಮುದಿ ಇಲಿಯದೇ ಕಾಂಡಕೋಶಗಳು. ಅವನ್ನು ಎಬ್ಬಿಸಿದ್ದು ರಕ್ತದಲ್ಲಿ ಹರಿದ ಸಂದೇಶಗಳು.

2020ರಲ್ಲಿ ಕಾನ್‌ಬಾಯ್ ತಂಡ ಇನ್ನೊಂದು ಮಗ್ಗುಲು ತೋರಿಸಿತು: ಮುದಿ ಇಲಿಯ ಅರ್ಧದಷ್ಟು ಪ್ಲಾಸ್ಮಾ ತೆಗೆದು, ಆಲ್ಬುಮಿನ್ ಬೆರೆಸಿದ ಉಪ್ಪುನೀರು ತುಂಬಿದಾಗಲೂ ಸ್ನಾಯು ಚೇತರಿಸಿಕೊಂಡಿತು. ಹಳೆಯ ರಕ್ತದಲ್ಲಿ ಕೂಡಿಕೊಂಡ ತಡೆಗಳು ತೆಳುವಾದರೂ ಸಾಕಿತ್ತು.

ಮುಪ್ಪಿನಲ್ಲೂ ಬೀಜ ಜೀವಂತವಾಗಿ, ಹದಕ್ಕೆ ಕಾದು ಕೂತಿರುತ್ತದೆ ಎಂದು ಕಾಣಿಸಿಕೊಟ್ಟ ಈ ಕುಶಲ ಕೈಗಳಿಗೆ ನನ್ನ ನಮಸ್ಕಾರ.