ಒಬ್ಬ ಮಲ್ಲ, ಎರಡು ಕಟ್ಟಳೆ: ಫ್ರೀಸ್ಟೈಲ್ ಕುಸ್ತಿಯ ರಸಿಕರಿಗೊಂದು ಕೈಪಿಡಿ

ಮಲ್ಲವಿದ್ಯೆಯನ್ನು ಕೇವಲ ಬಾಹುಬಲದ ಪ್ರದರ್ಶನವೆಂದು ಭಾವಿಸಿ ನೋಡಲು ಕುಳಿತವರಿಗೆ ಅದು ಬಹುಬೇಗ ಬೇಸರ ತರುತ್ತದೆ. ಏಕೆಂದರೆ ಬಲವೆಂಬುದು ಕ್ಷಣಾರ್ಧದಲ್ಲಿ ಕಂಡು ಮುಗಿಯತಕ್ಕದ್ದು, ಆ ಬಲವು ಕಟ್ಟಳೆಗೆ ಒಳಪಟ್ಟು ತಾಳುವ ರೂಪಗಳಿಗೋ ಕೊನೆಯೇ ಇಲ್ಲ. ಆದುದರಿಂದ ನೂತನ ರಸಿಕನು ಮಲ್ಲರ ತೋಳುಗಳನ್ನು ಅಳೆಯುವುದಕ್ಕೆ ಮೊದಲು ಅವರು ಒಪ್ಪಿ ನಿಂತಿರುವ ಕಟ್ಟಳೆಯನ್ನು ಅರಿಯಬೇಕು. ಒಲಿಂಪಿಕ್ಸ್‌ನಲ್ಲಿ ಕುಸ್ತಿಯು ಎರಡು ಬಗೆಯಾಗಿದೆ. ಗ್ರೀಕೋ-ರೋಮನ್ ಪದ್ಧತಿಯಲ್ಲಿ ಸೊಂಟದಿಂದ ಕೆಳಗೆ ಹಿಡಿಯುವಂತಿಲ್ಲ, ಕಾಲು ಕೊಟ್ಟು ಕೆಡಹುವಂತೆಯೂ ಇಲ್ಲ. ಫ್ರೀಸ್ಟೈಲ್‌ನಲ್ಲಿ ಕಾಲೇ ಹಿಡಿಯುವುದಕ್ಕೂ ಕೆಡಹುವುದಕ್ಕೂ ತೆರೆದ ಹೆಬ್ಬಾಗಿಲು.

ಈ ಭೇದವನ್ನು ಮನಗಾಣಿಸುವುದಕ್ಕೆ ಬಾಲ್ಟಿಕ್ ತೀರದ ಎಸ್ತೋನಿಯಾದಲ್ಲಿ 1908ರಲ್ಲಿ ಜನಿಸಿದ ಕ್ರಿಸ್ತ್ಯಾನ್ ಪಲುಸಾಲುವಿಗಿಂತ ಉತ್ತಮ ನಿದರ್ಶನ ದೊರೆಯದು. 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ, ಆಗಸ್ಟ್ ತಿಂಗಳ ಆರಂಭದಲ್ಲಿ, ಡಾಯ್ಚ್‌ಲಾಂಡ್‌ಹಾಲೆಯ ಕಣದಲ್ಲಿ ಆತನು ಮೊದಲು ಫ್ರೀಸ್ಟೈಲ್ ಹೆವಿವೇಟ್ ವಿಭಾಗವನ್ನು ಗೆದ್ದು, ಕೆಲವೇ ದಿನಗಳ ಅಂತರದಲ್ಲಿ ಗ್ರೀಕೋ-ರೋಮನ್ ಹೆವಿವೇಟ್ ವಿಭಾಗವನ್ನೂ ಗೆದ್ದನು. ಒಂದೇ ಒಲಿಂಪಿಕ್ಸ್‌ನ ಎರಡು ಪದ್ಧತಿಗಳಲ್ಲೂ ಹೆವಿವೇಟ್ ಸ್ವರ್ಣವನ್ನು ಪಡೆದ ಮತ್ತೊಬ್ಬನಿಲ್ಲ. ಒಬ್ಬನೇ ಕವಿಯು ಭಾಮಿನಿ ಷಟ್ಪದಿಯನ್ನೂ ಸಾಂಗತ್ಯವನ್ನೂ ಸಮಾನ ಪ್ರಭುತ್ವದಿಂದ ನಡೆಸಿದಂತೆ, ಅದೇ ದೇಹವು ಎರಡು ಭಿನ್ನ ಕಟ್ಟುಗಳಲ್ಲಿ ಎರಡು ಭಿನ್ನ ನಡೆಗಳನ್ನು ಕಂಡುಕೊಂಡಿತು.

ನಡೆ ಭಿನ್ನವಾಗುವುದು ಹೇಗೆ? ಕಾಲು ಹಿಡಿಯಲಾಗದೆಡೆಯಲ್ಲಿ ಮಲ್ಲರು ನೆಟ್ಟಗೆ ನಿಂತು, ಎದೆಗೆ ಎದೆಗೊಟ್ಟು, ಎದುರಾಳಿಯನ್ನು ಎತ್ತಿ ಒಗೆಯಲು ಹವಣಿಸುತ್ತಾರೆ. ಫ್ರೀಸ್ಟೈಲ್‌ನಲ್ಲಾದರೋ ಸದಾ ಕಾಲನ್ನು ಕಾಯಬೇಕಾಗಿರುವುದರಿಂದ ಬೆನ್ನು ಬಾಗಿರುತ್ತದೆ, ಮೊಣಕಾಲು ಮಡಿದಿರುತ್ತದೆ, ಕೈ ಮುಂಚಾಚಿರುತ್ತದೆ. ಒಂದು ದಾಳಿಯನ್ನು ಹತ್ತಿರದಿಂದ ಗಮನಿಸಿರಿ. ಕುತ್ತಿಗೆಯ ಮೇಲೆ ಕೈಯಿಟ್ಟು ಕೆಳಕ್ಕೆ ಜಗ್ಗಿದವನು, ಎದುರಾಳಿ ಆ ಜಗ್ಗಾಟಕ್ಕೆ ಪ್ರತಿಯಾಗಿ ತಲೆಯೆತ್ತುವ ನಿಮಿಷಕ್ಕೇ ಕಾದಿದ್ದವನಂತೆ ಕುಗ್ಗಿ, ಒಂದು ಮೊಣಕಾಲನ್ನು ಮ್ಯಾಟಿಗೆ ತಾಗಿಸಿ ನುಗ್ಗಿ, ಎದುರಾಳಿಯ ಮೊಣಕಾಲ ಹಿಂಬದಿಯಲ್ಲಿ ಕೈಗಳನ್ನು ಬೆಸೆಯುತ್ತಾನೆ. ಹಿಡಿಸಿಕೊಂಡವನು ತತ್‌ಕ್ಷಣ ಎರಡು ಕಾಲುಗಳನ್ನೂ ಹಿಂದಕ್ಕೆ ಚಿಮ್ಮಿ, ಸೊಂಟದ ಸಮಸ್ತ ಭಾರವನ್ನು ದಾಳಿಗಾರನ ಹೆಗಲ ಮೇಲೆ ಹೇರುತ್ತಾನೆ. ಆ ಭಾರದಡಿಯಲ್ಲಿ ಹಿಡಿತ ಸಡಿಲಿದರೆ, ದಾಳಿ ಮಾಡಿದವನ ಬೆನ್ನಹಿಂದೆ ಸುತ್ತಿ ಬಂದು ರಕ್ಷಿಸಿಕೊಂಡವನೇ ಅಂಕ ಗಳಿಸುತ್ತಾನೆ. ಅಭ್ಯಾಸವಿಲ್ಲದ ಕಣ್ಣು ಕೈಗಳನ್ನೇ ಹಿಂಬಾಲಿಸುತ್ತದೆ. ಆದರೆ ತೀರ್ಪು ಸೊಂಟದಲ್ಲೂ ಪಾದದಲ್ಲೂ ಇದೆ.

ಅಂಕಗಳ ಲೆಕ್ಕವು ಕಠಿಣವಲ್ಲ. ಇಂದಿನ ನಿಯಮದಂತೆ ತಲಾ 3 ನಿಮಿಷಗಳ ಎರಡು ಅವಧಿಗಳು, ನಡುವೆ 30 ಸೆಕೆಂಡುಗಳ ವಿರಾಮ. ಎದುರಾಳಿಯನ್ನು ವೃತ್ತದಿಂದ ಹೊರದಬ್ಬಿದರೆ 1, ಕೆಡವಿ ಹಿಂದಿನಿಂದ ಹತೋಟಿಗೆ ತಂದರೆ 2, ನಿಂತಲ್ಲಿಂದ ನೇರವಾಗಿ ಬೆನ್ನ ಮೇಲೆ ಕೆಡವಿದರೆ 4, ಎತ್ತರದಿಂದ ಚಾಪದಂತೆ ಒಗೆದರೆ 5. ಫ್ರೀಸ್ಟೈಲ್‌ನಲ್ಲಿ 10 ಅಂಕಗಳ ಅಂತರವೇರ್ಪಟ್ಟೊಡನೆ ಪಂದ್ಯ ಮುಗಿಯುತ್ತದೆ. ಎರಡೂ ಭುಜಗಳನ್ನು ಮ್ಯಾಟಿಗೆ ಅದುಮಿ ಹಿಡಿದರೆ ಅಂಕಗಳೆಷ್ಟಿದ್ದರೂ ಅಲ್ಲಿಗೇ ಜಯ. ದಸರೆಯ ಕುಸ್ತಿಯನ್ನು ಕಂಡು ಬೆಳೆದ ನಮ್ಮವರಿಗೆ ‘ಚಿತ್’ ಎಂಬುದನ್ನು ಯಾರೂ ವಿವರಿಸಬೇಕಾಗಿಲ್ಲ. ಅವರು ಹೊಸದಾಗಿ ಕಲಿಯಬೇಕಾದುದು, ಚಿತ್ತಾಗದ ಪಂದ್ಯದಲ್ಲೂ ಬಿಂದುಬಿಂದುವಾಗಿ ಕೂಡುವ ಹಿರಿಮೆಯನ್ನು ಗುರುತಿಸುವುದನ್ನು ಮಾತ್ರ.

ಎರಡೂ ಪದ್ಧತಿಗಳಲ್ಲಿ ಕೃತಾರ್ಥರಾದವರು ಬೇರೆಯೂ ಇದ್ದಾರೆ. 1932ರ ಲಾಸ್ ಏಂಜಲೀಸ್‌ನಲ್ಲಿ ಸ್ವೀಡನ್ನಿನ ಇವಾರ್ ಯೊಹಾನ್ಸನ್ ಫ್ರೀಸ್ಟೈಲ್ ಸ್ವರ್ಣವನ್ನು ಗೆದ್ದು, ಉಗಿಸ್ನಾನದಿಂದಲೂ ಉಪವಾಸದಿಂದಲೂ ತೂಕವನ್ನಿಳಿಸಿಕೊಂಡು, ಕೆಳಗಿನ ತೂಕದ ಗ್ರೀಕೋ-ರೋಮನ್ ಸ್ವರ್ಣವನ್ನೂ ಪಡೆದನು. ಬರ್ಲಿನ್ನಿನಲ್ಲೇ ಪಲುಸಾಲುವಿನ ದೇಶಬಾಂಧವ ಔಗುಸ್ತ್ ನೇಓ 87 ಕಿಲೋ ವಿಭಾಗದ ಫ್ರೀಸ್ಟೈಲ್‌ನಲ್ಲಿ ಬೆಳ್ಳಿಯನ್ನು ಗಳಿಸಿ, ಗ್ರೀಕೋ-ರೋಮನ್ನಿನಲ್ಲಿ ಕಂಚಿಗೆ ಸಂತುಷ್ಟನಾದನು. ಅಲ್ಲಿ ಅವನಿಗಿಂತ ಒಂದು ಮೆಟ್ಟಲು ಮೇಲೆ ಬೆಳ್ಳಿಯೊಡನೆ ನಿಂತವನು ನೆರೆಯ ಲಾಟ್ವಿಯಾದ ಎಡ್ವೀನ್ಸ್ ಬಿಯೆಟಾಗ್ಸ್. ಅದೇ ಬಲಶಾಲಿಯ ಸ್ಥಾನವು ಕಟ್ಟಳೆಯೊಡನೆ ಬದಲಾಗಬಲ್ಲದೆಂದ ಮೇಲೆ, ಪಲುಸಾಲುವಿನ ದ್ವಿಗುಣ ಜಯದ ತೂಕ ನಮಗೆ ಸರಿಯಾಗಿ ತಿಳಿಯುತ್ತದೆ. ಆ ವಿಜಯಿಯು ಮುಂದೆ ಯುದ್ಧಕಾಲದಲ್ಲಿ ಸೋವಿಯತ್ ಶ್ರಮಶಿಬಿರದ ಕ್ಲೇಶವನ್ನುಂಡು, 1987ರಲ್ಲಿ ತಾಲ್ಲಿನ್ನಿನಲ್ಲಿ ಕಾಲವಾದನು.

ಅಭ್ಯಾಸವನ್ನು ಇಂದಿನ ಪಂದ್ಯಗಳಿಂದಲೇ ಆರಂಭಿಸಬಹುದು. 2004ರಿಂದ ಒಲಿಂಪಿಕ್ಸ್‌ನಲ್ಲಿ ಮಹಿಳೆಯರಿಗೂ ಕುಸ್ತಿಯುಂಟು, ಅದೂ ಫ್ರೀಸ್ಟೈಲ್ ಮಾತ್ರ. ಲಾಟ್ವಿಯಾದ ದೌಗವ್‌ಪಿಲ್ಸ್ ನಗರದಿಂದ ಬಂದು ಯುರೋಪಿಯನ್ ಚಾಂಪಿಯನ್ ಆದ ಅನಸ್ತಾಸಿಯಾ ಗ್ರಿಗೊರ್ಯೆವಾಳಂತಹವರ ಪಂದ್ಯಗಳ ಚಿತ್ರಣ ದೊರೆತರೆ ಅದನ್ನು ಎರಡಾವರ್ತಿ ನೋಡಿರಿ. ಮೊದಲ ಸಲ ಪಾದಗಳನ್ನು ಮಾತ್ರ, ಎರಡನೆಯ ಸಲ ಕೈಗಳ ಜಗ್ಗಾಟವನ್ನು ಮಾತ್ರ. ಬಳಿಕ ಒಂದು ಗ್ರೀಕೋ-ರೋಮನ್ ಪಂದ್ಯವನ್ನು ನೋಡಿದಾಗ, ನಿಷೇಧವೊಂದು ಮನುಷ್ಯನ ನಿಲುವನ್ನೇ ಹೇಗೆ ತಿದ್ದುತ್ತದೆಂಬುದು ವಿವರಣೆಯಿಲ್ಲದೆ ಮನದಟ್ಟಾಗುವುದು; ಗೆದ್ದವರಾರೆಂಬ ಕುತೂಹಲ ತಣಿದ ಮೇಲೂ, ಗೆದ್ದುದು ಹೇಗೆಂಬ ಆನಂದ ನಿಮ್ಮಲ್ಲಿ ಉಳಿಯುವುದು.