ಹಳದಿ ಎಲೆ, ಹುಳಿ ಮಣ್ಣು: ಒಂದು ಭಿತ್ತಿಪಟದ ವಿಮರ್ಶೆ

‘ಸಸ್ಯಗಳಲ್ಲಿ ಪೋಷಕಾಂಶಗಳ ಕೊರತೆಯ ಲಕ್ಷಣಗಳು’ ಎಂಬ ಭಿತ್ತಿಪಟವನ್ನು ಜೀವವಿಜ್ಞಾನ ಪ್ರಯೋಗಾಲಯದ ಗೋಡೆಯ ಮೇಲೆ ನೀವು ನೋಡಿರಬಹುದು. ನಡುವೆ ಒಂದು ಗಿಡ, ಅದರ ಒಂದೊಂದು ಎಲೆಗೂ ಒಂದೊಂದು ಬಣ್ಣ. ಕೆಳಗಿನ ಎಲೆ ಪೂರ್ತಿ ಹಳದಿಯಾದರೆ ಸಾರಜನಕ, ನೇರಳೆ ಛಾಯೆ ಬಂದರೆ ರಂಜಕ, ಅಂಚು ಸುಟ್ಟಂತಿದ್ದರೆ ಪೊಟ್ಯಾಸಿಯಂ, ಎಳೆಯ ಎಲೆಯ ನರಗಳ ನಡುವೆ ಹಳದಿಯಾದರೆ ಕಬ್ಬಿಣ. ಪಕ್ಕದಲ್ಲಿ ‘ಪರಿಹಾರ’ ಎಂಬ ಕಲಂ. ಪರೀಕ್ಷೆಯಲ್ಲಿ ಇಷ್ಟು ಬರೆದರೆ ಅಂಕ ಸಿಗುತ್ತದೆ. ಆದರೆ ಮಲೆನಾಡಿನ ಅಥವಾ ಕರಾವಳಿಯ ವಿದ್ಯಾರ್ಥಿಯೊಬ್ಬ ಇದನ್ನೇ ನಂಬಿ ಮನೆಯ ತೋಟಕ್ಕೆ ಗೊಬ್ಬರ ಸೂಚಿಸಿದರೆ ಹಣವೂ ಒಂದು ಹಂಗಾಮೂ ನಷ್ಟವಾಗಬಹುದು.

ಮೊದಲು ಪಟದ ಗುಣವನ್ನು ಹೇಳಬೇಕು. ಲಕ್ಷಣ ಯಾವ ಎಲೆಯಲ್ಲಿ ಮೊದಲು ಕಾಣುತ್ತದೆ ಎಂಬುದನ್ನು ಅದು ಸರಿಯಾಗಿ ತೋರಿಸುತ್ತದೆ. ಸಾರಜನಕ, ರಂಜಕ, ಪೊಟ್ಯಾಸಿಯಂ ಮತ್ತು ಮೆಗ್ನೀಸಿಯಂ ಗಿಡದೊಳಗೆ ಸುಲಭವಾಗಿ ಚಲಿಸುತ್ತವೆ. ಕೊರತೆಯಾದಾಗ ಗಿಡ ಇವನ್ನು ಹಳೆಯ ಎಲೆಗಳಿಂದ ಚಿಗುರಿಗೆ ಸಾಗಿಸುವುದರಿಂದ ಹಳೆಯ ಎಲೆ ಮೊದಲು ಬಣ್ಣಗೆಡುತ್ತದೆ. ಕಬ್ಬಿಣ, ಕ್ಯಾಲ್ಸಿಯಂ ಮತ್ತು ಬೋರಾನ್ ಹಾಗೆ ಚಲಿಸುವುದಿಲ್ಲವಾದ್ದರಿಂದ ಅವುಗಳ ಕೊರತೆ ಚಿಗುರಿನಲ್ಲಿ ಕಾಣುತ್ತದೆ. ಇಷ್ಟನ್ನು ಕಲಿಸಲು ಪಟ ಉಪಯುಕ್ತ.

ತೊಡಕು ಇರುವುದು ‘ಕೊರತೆ’ ಎಂಬ ಪದದಲ್ಲಿ. ಮಣ್ಣಿನಲ್ಲಿ ಪೋಷಕಾಂಶ ಇಲ್ಲದಿರುವುದು ಬೇರೆ, ಇದ್ದರೂ ಗಿಡಕ್ಕೆ ದೊರಕದಿರುವುದು ಬೇರೆ. ಈ ವ್ಯತ್ಯಾಸವನ್ನು ಬಹುಮಟ್ಟಿಗೆ ನಿರ್ಧರಿಸುವುದು ಮಣ್ಣಿನ ರಸಸಾರ. ಪಟದಲ್ಲಿ ಅದರ ಸುಳಿವೇ ಇಲ್ಲ. ಹೆಚ್ಚು ಮಳೆ ಬೀಳುವ ನಮ್ಮ ಜಂಬಿಟ್ಟಿಗೆ ಮಣ್ಣಿನ ಪ್ರದೇಶಗಳಲ್ಲಿ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ನೀರಿನೊಡನೆ ಬಸಿದುಹೋಗಿ ಮಣ್ಣು ಹುಳಿಯಾಗಿರುತ್ತದೆ. ರಸಸಾರ ಸುಮಾರು 5.5ಕ್ಕಿಂತ ಇಳಿದಾಗ ಅಲ್ಯೂಮಿನಿಯಂ ಕರಗಿ ಬೇರಿನ ತುದಿಯನ್ನು ಕೆಡಿಸುತ್ತದೆ. ರಂಜಕವು ಕಬ್ಬಿಣ ಹಾಗೂ ಅಲ್ಯೂಮಿನಿಯಂ ಜೊತೆ ಸೇರಿ ಬಂಧಿತವಾಗುತ್ತದೆ. ಮಾಲಿಬ್ಡಿನಂ ದೊರಕುವುದು ಕಡಿಮೆಯಾಗುತ್ತದೆ. ಬೇರು ಮೊಂಡಾದ ಗಿಡದಲ್ಲಿ ಪಟದ ನಾಲ್ಕಾರು ಲಕ್ಷಣಗಳು ಒಟ್ಟಿಗೇ ಕಾಣಿಸಬಹುದು.

ಅಲಸಂದೆಯ ಉದಾಹರಣೆ ನೋಡೋಣ. ಅದರ ಬೇರುಗಂಟಿನ ಬ್ಯಾಕ್ಟೀರಿಯಾಗಳು ಸಾರಜನಕವನ್ನು ಸ್ಥಿರೀಕರಿಸಲು ಬಳಸುವ ಕಿಣ್ವಕ್ಕೆ ಮಾಲಿಬ್ಡಿನಂ ಬೇಕು. ಹುಳಿ ಮಣ್ಣಿನಲ್ಲಿ ಅದು ಸಿಗದಿದ್ದರೆ ಎಲೆ ಹಳದಿಯಾಗುತ್ತದೆ. ಪಟ ‘ಸಾರಜನಕದ ಕೊರತೆ’ ಎನ್ನುತ್ತದೆ, ಅದು ಸುಳ್ಳೂ ಅಲ್ಲ. ಪರಿಹಾರವೆಂದು ಅಮೋನಿಯಂ ಸಲ್ಫೇಟ್ ಹಾಕಿದರೆ ಮಣ್ಣಿನ ಬ್ಯಾಕ್ಟೀರಿಯಾಗಳು ಅಮೋನಿಯಂ ಅನ್ನು ನೈಟ್ರೇಟ್ ಆಗಿ ಪರಿವರ್ತಿಸುವಾಗ ಹೈಡ್ರೊಜನ್ ಅಯಾನುಗಳು ಬಿಡುಗಡೆಯಾಗುತ್ತವೆ. ಎಲೆ ಕೆಲವು ದಿನ ಹಸಿರಾಗುತ್ತದೆ, ಮಣ್ಣು ಮತ್ತಷ್ಟು ಹುಳಿಯಾಗುತ್ತದೆ. ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನಲ್ಲಿ 1856ರಿಂದ ನಡೆಯುತ್ತಿರುವ ಪಾರ್ಕ್ ಗ್ರಾಸ್ ಹುಲ್ಲುಗಾವಲಿನ ಪ್ರಯೋಗದಲ್ಲಿ ಇದು ಸ್ಪಷ್ಟವಾಗಿ ಕಂಡಿದೆ. ಅಲ್ಲಿ ಅಮೋನಿಯಂ ಸಲ್ಫೇಟನ್ನು ಹೆಚ್ಚು ಪ್ರಮಾಣದಲ್ಲಿ ಪಡೆದು ಸುಣ್ಣ ಪಡೆಯದ ತಾಕುಗಳ ರಸಸಾರ 4ಕ್ಕಿಂತ ಕೆಳಗಿಳಿದು, ಕೆಲವೇ ಜಾತಿಯ ಹುಲ್ಲುಗಳು ಉಳಿದಿವೆ.

ಇನ್ನೊಂದು ಉದಾಹರಣೆ ಅಡಿಕೆ. ಶೃಂಗೇರಿ, ಕೊಪ್ಪ ಹಾಗೂ ಸುಳ್ಯದ ಸಂಪಾಜೆ ಭಾಗದ ತೋಟಗಳಲ್ಲಿ ಹಳದಿ ಎಲೆ ರೋಗವಿದೆ. ಕೆಳಗಿನ ಸೋಗೆಗಳ ಗರಿಗಳು ತುದಿಯಿಂದ ಹಳದಿಯಾಗುತ್ತವೆ. ಇದಕ್ಕೆ ಕಾರಣ ಫೈಟೊಪ್ಲಾಸ್ಮಾ ಎಂಬ ಸೂಕ್ಷ್ಮಜೀವಿ, ಹರಡುವುದು ಒಂದು ಜಿಗಿಹುಳು. ಸುಣ್ಣ, ಗೊಬ್ಬರಗಳಿಂದ ಮರದ ಸ್ಥಿತಿ ಸುಧಾರಿಸಬಹುದು, ರೋಗ ವಾಸಿಯಾಗದು. ಪಟವನ್ನು ಮಾತ್ರ ನೋಡಿ ಬೆಳೆದ ಕಣ್ಣಿಗೆ ಇಂಥ ಸಾಧ್ಯತೆ ಹೊಳೆಯುವುದೇ ಇಲ್ಲ.

‘ಪರಿಹಾರ’ದ ಕಲಂ ಇನ್ನೂ ದುರ್ಬಲ. ‘ಆಮ್ಲೀಯ ಮಣ್ಣಿಗೆ ಸುಣ್ಣ ಹಾಕಿ’ ಎಂದರೆ ಯಾವ ಸುಣ್ಣ, ಎಷ್ಟು? ಆಮ್ಲವನ್ನು ತಟಸ್ಥಗೊಳಿಸುವಲ್ಲಿ 100 ಕಿ.ಗ್ರಾಂ. ಶುದ್ಧ ಸುಣ್ಣಕಲ್ಲಿನ ಪುಡಿಗೆ 74 ಕಿ.ಗ್ರಾಂ. ಅರಳಿದ ಸುಣ್ಣ ಅಥವಾ 56 ಕಿ.ಗ್ರಾಂ. ಸುಟ್ಟ ಸುಣ್ಣ ಸಮ. ಅಣುತೂಕ ಬಲ್ಲ ವಿದ್ಯಾರ್ಥಿ ಇದನ್ನು ತಾನೇ ಲೆಕ್ಕ ಹಾಕಬಲ್ಲ. ಡೋಲೊಮೈಟ್ ಮೆಗ್ನೀಸಿಯಂ ಅನ್ನೂ ಒದಗಿಸುತ್ತದೆ. ಜಿಪ್ಸಂನಲ್ಲಿ ಕ್ಯಾಲ್ಸಿಯಂ ಇದ್ದರೂ ಅದು ರಸಸಾರವನ್ನು ಏರಿಸುವುದಿಲ್ಲ. ಪ್ರಮಾಣವಂತೂ ರಸಸಾರದ ಅಂಕಿಯೊಂದರಿಂದ ತಿಳಿಯದು. ಜೇಡಿ ಮತ್ತು ಸಾವಯವ ಅಂಶ ಹೆಚ್ಚಿರುವ ಮಣ್ಣು ತನ್ನ ಕಣಗಳ ಮೇಲೆ ಆಮ್ಲವನ್ನು ಹಿಡಿದಿಟ್ಟುಕೊಂಡಿರುತ್ತದೆ. ರಸಸಾರ 5 ಇರುವ ಮರಳು ಮಣ್ಣಿಗಿಂತ, ಅದೇ ರಸಸಾರದ ಜೇಡಿಮಣ್ಣಿಗೆ ಹೆಚ್ಚು ಸುಣ್ಣ ಬೇಕು. ಅಳತೆ ಮೀರಿದರೆ ಕಬ್ಬಿಣ, ಸತು, ಬೋರಾನ್‌ಗಳು ದೊರಕದೆ ಎಲೆ ಮತ್ತೆ ಹಳದಿಯಾಗುತ್ತದೆ.

ಬಣ್ಣ ನೋಡಿ ನಿರ್ಧರಿಸುವುದೇ ಅವೈಜ್ಞಾನಿಕ ಎಂದು ಇದರಿಂದ ತಿಳಿಯಬಾರದು. ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಪ್ರಚಾರಕ್ಕೆ ತಂದ ಎಲೆ ಬಣ್ಣದ ಪಟ್ಟಿ ಒಳ್ಳೆಯ ಸಾಧನ. ಅದು ಒಂದು ಬೆಳೆ, ಒಂದು ಪೋಷಕಾಂಶ, ಗೊತ್ತಾದ ಒಂದು ಎಲೆ ಎಂದು ತನ್ನ ಮಿತಿಯನ್ನು ಮೊದಲೇ ಹಾಕಿಕೊಂಡಿದೆ. ನಮ್ಮ ಭಿತ್ತಿಪಟ ಎಲ್ಲ ಬೆಳೆ, ಎಲ್ಲ ಮಣ್ಣುಗಳಿಗೂ ಉತ್ತರ ಕೊಡಲು ಹೊರಟಿದೆ.

ಹಾಗಾದರೆ ಪಟವನ್ನು ತೆಗೆದುಹಾಕಬೇಕೆ? ಬೇಡ. ಅದರ ಕೆಳಗಿನ ಮೇಜಿನ ಮೇಲೆ ಎರಡು ಪ್ರಯೋಗಗಳನ್ನು ಇಡೋಣ. ಮೊದಲನೆಯದು: 20 ಗ್ರಾಂ ಮಣ್ಣನ್ನು 50 ಮಿ.ಲೀ. ಬಟ್ಟಿ ಇಳಿಸಿದ ನೀರಿನಲ್ಲಿ ಕಲಕಿ, ಅರ್ಧ ಗಂಟೆ ಬಿಟ್ಟು ರಸಸಾರ ಅಳೆಯಿರಿ. ಬಳಿಕ ಐದು ಡಬ್ಬಿಗಳಲ್ಲಿ ಒಂದೊಂದು ಕಿ.ಗ್ರಾಂ. ಒಣಮಣ್ಣು ತುಂಬಿ, ಕ್ರಮವಾಗಿ 0, ಅರ್ಧ, 1, 2 ಮತ್ತು 4 ಗ್ರಾಂ ಸುಣ್ಣಕಲ್ಲಿನ ನುಣುಪು ಪುಡಿ ಬೆರೆಸಿ, ಒಂದು ತಿಂಗಳು ತೇವವಾಗಿಟ್ಟು ಮತ್ತೆ ಅಳೆಯಿರಿ. ನಕ್ಷೆ ಬರೆದರೆ ಆ ಮಣ್ಣಿಗೆ ಬೇಕಾದ ಸುಣ್ಣ ತಿಳಿಯುತ್ತದೆ. ಒಂದು ಹೆಕ್ಟೇರಿನ ಮೇಲಿನ 15 ಸೆಂ.ಮೀ. ಮಣ್ಣಿನ ತೂಕ ಸುಮಾರು 20 ಲಕ್ಷ ಕಿ.ಗ್ರಾಂ. ಆದ್ದರಿಂದ ಕಿಲೋಗೆ 1 ಗ್ರಾಂ ಎಂದರೆ ಹೆಕ್ಟೇರಿಗೆ ಸುಮಾರು 2 ಟನ್.

ಎರಡನೆಯದು: ಚಿಗುರು ಹಳದಿಯಾದ ಗಿಡದ ಒಂದೇ ಎಲೆಗೆ, ಲೀಟರಿಗೆ 5 ಗ್ರಾಂನಂತೆ ಕರಗಿಸಿದ ಫೆರಸ್ ಸಲ್ಫೇಟನ್ನು ಸವರಿ. ಪಕ್ಕದ ಎಲೆಗೆ ಬರೀ ನೀರು ಸವರಿ. ಕೆಲವು ದಿನಗಳಲ್ಲಿ ಮೊದಲನೆಯದು ಮಾತ್ರ ಹಸಿರಾದರೆ ಕಬ್ಬಿಣ ಸಿಗುತ್ತಿರಲಿಲ್ಲ ಎಂದಾಯಿತು. ಅದು ಏಕೆ ಸಿಗಲಿಲ್ಲ ಎಂಬುದಕ್ಕೆ ಮತ್ತೆ ಮಣ್ಣನ್ನೇ ಕೇಳಬೇಕು.

2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿ ಅನೇಕ ವಿದ್ಯಾರ್ಥಿಗಳ ಮನೆಯಲ್ಲಿ ಇರಬಹುದು. ಅದರಲ್ಲಿ ರಸಸಾರದ ಅಂಕಿ ಇರುತ್ತದೆ. ಅದನ್ನು ಶಾಲೆಗೆ ತರಿಸಿ, ಭಿತ್ತಿಪಟದ ಪಕ್ಕದಲ್ಲಿಟ್ಟು ಓದಿಸಿ. ಪಟಕ್ಕೆ ಬೇಕಾಗಿದ್ದ ಮಣ್ಣು ಆಗ ತರಗತಿಗೆ ಬಂದಂತಾಗುತ್ತದೆ.