ಸುಖ, ದಣಿವು ಮತ್ತು ಒಂದು ಅಳತೆಪಟ್ಟಿ: ಕಾರಿನ ಕುಲುಕಾಟವನ್ನು ಓದುವ ಬಗೆ

ಕನ್ನಡ ಎಂ.ಎ. ವಿದ್ಯಾರ್ಥಿಗೆ ಕಾರಿನ ಕುಲುಕಾಟ ಯಾಕೆ ಬೇಕು ಅಂತ ಅನ್ನಿಸಬಹುದು. ನಾನು ಇವತ್ತು ಓದುವ ಪಠ್ಯ ಐಎಸ್‌ಒ 2631. ಇಡೀ ಮೈಗೆ ತಾಗುವ ಕಂಪನವನ್ನು ಅಳೆಯುವ ಅಂತರರಾಷ್ಟ್ರೀಯ ಮಾನಕ ಇದು.

ಅಳತೆಯ ಕ್ರಮ ಸರಳ. ಸೀಟಿನ ಮೇಲೆ ಆಕ್ಸೆಲೆರೋಮೀಟರ್ ಇಡುತ್ತಾರೆ. ಮೇಲೆ-ಕೆಳಗಿನ ಕಂಪನ ಸೆಕೆಂಡಿಗೆ 4ರಿಂದ 8 ಸಲ ಇದ್ದಾಗ ಕೂತವರ ಮೈಗೆ ಹೆಚ್ಚು ತಾಗುತ್ತೆ, ಅದಕ್ಕೇ ಅದಕ್ಕೆ ಹೆಚ್ಚು ತೂಕ. ಕೊನೆಗೆ ಸಿಕ್ಕ ಸಂಖ್ಯೆಗೆ 1997ರ ಆವೃತ್ತಿ ಒಂದು ಮಾತನ್ನು ಜೋಡಿಸುತ್ತದೆ. 0.315ಕ್ಕಿಂತ ಕಡಿಮೆ ಬಂದರೆ ‘ಅಹಿತವಿಲ್ಲ’, 0.5ರಿಂದ 1ರವರೆಗೆ ‘ಸಾಕಷ್ಟು ಅಹಿತ’, 0.8ರಿಂದ 1.6ರವರೆಗೆ ‘ಅಹಿತ’. ಹಾಗಾದ್ರೆ 0.9 ಯಾವುದು? ಎರಡೂ! ಸಂಖ್ಯೆ ಎಷ್ಟೇ ಖಚಿತವಾಗಿದ್ದರೂ ಅದರ ಅರ್ಥ ಮಾತಿನ ಮೇಲೇ ನಿಂತಿದೆ.

ಇನ್ನೊಂದು ಮುಖ್ಯ ಸಂಗತಿ. 1974ರ ಆವೃತ್ತಿಯಲ್ಲಿ ‘ದಣಿವಿನಿಂದ ಕೆಲಸ ಕುಗ್ಗುವ ಮಿತಿ’ ಅಂತ ಒಂದು ಇತ್ತು. ಅದನ್ನು 3.15ರಿಂದ ಭಾಗಿಸಿದರೆ ಸುಖದ ಮಿತಿ ಸಿಗುತ್ತಿತ್ತು. ಅಂದ್ರೆ ಸುಖ, ದಣಿವು ಎರಡೂ ಒಂದೇ ಗೆರೆಯ ಮೇಲೆ. 1997ರಲ್ಲಿ ದಣಿವಿನ ಆ ಕಲ್ಪನೆಯನ್ನೇ ತೆಗೆದುಹಾಕಿದರು, ಸುಖದ ಮಾತುಗಳು ಉಳಿದವು.

ಬಿಟ್ಟುಹೋದ ಆ ಪದವೇ ನನಗೆ ಮುಖ್ಯ. ನಮ್ಮ ದಾಮರಗಿದ್ದದ ಕಡೆ ಬಾಡಿಗೆ ಕಾರಿನಲ್ಲಿ ಹೈದರಾಬಾದಿನ ಆಸ್ಪತ್ರೆಗೆ ಹೋಗಿ ಬಂದವರು “ಮೈ ಹಣ್ಣಾತು” ಅಂತಾರೆ. ಡ್ರೈವರ್ ಹೇಳೋದು ಬೇರೆ: “ಕಣ್ಣು ಎಳೀತಾವ.” ಮೊದಲನೆಯದು ಹಳ್ಳಿ ರಸ್ತೆಯ ಗುಂಡಿಗಳು ಕೊಟ್ಟ ದಣಿವು. ಎರಡನೆಯದು ಬಹಳ ಸಲ ನುಣುಪಾದ ಹೆದ್ದಾರಿಯಲ್ಲಿ ಬರುವಂಥದ್ದು. ಆಸ್ಟ್ರೇಲಿಯಾದ ಆರ್‌ಎಂಐಟಿ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 4ರಿಂದ 7 ಹರ್ಟ್ಸ್‌ನ ಮೆಲು ಕಂಪನಕ್ಕೆ ಕೂತವರಲ್ಲಿ 15 ನಿಮಿಷದೊಳಗೇ ಮಂಪರಿನ ಲಕ್ಷಣ ಕಂಡಿತು. ಅಲ್ಲಿದ್ದವರು 15 ಜನ, ಕೂತದ್ದು ಸಿಮ್ಯುಲೇಟರಿನಲ್ಲಿ. ಈ ಮಿತಿ ನೆನಪಿರಲಿ. ಆದರೂ ಒಂದು ಎಚ್ಚರಿಕೆ ಅದರಲ್ಲಿದೆ: ಪ್ರಯಾಣಿಕನಿಗೆ ಜೋಗುಳವಾಗುವ ಕಂಪನ ಡ್ರೈವರ್‌ಗೆ ಅಪಾಯ ಆಗಬಹುದು.

ರೋಗಿಯನ್ನು ಇಳಿಸಿ ಅದೇ ರಾತ್ರಿ ಒಬ್ಬನೇ ವಾಪಸ್ ಬರೋ ಡ್ರೈವರ್‌ನ ಈ ದಣಿವನ್ನು ‘ಅಹಿತವಿಲ್ಲ’ ಎಂಬ ಮಾತು ಮುಚ್ಚಿಬಿಡುತ್ತದೆ. ಹಾಗಾಗಿ ಎರಡೂ ಸೀಟುಗಳನ್ನು ಬೇರೆ ಬೇರೆ ಅಳೆಯಬೇಕು, ಸಂಖ್ಯೆಯ ಪಕ್ಕ ಅವರವರ ಮಾತನ್ನೂ ಬರೆದುಕೊಳ್ಳಬೇಕು. ‘ಹಣ್ಣಾಗು’, ‘ಕಣ್ಣು ಎಳೆ’ ಎಂಬ ಎರಡು ಕ್ರಿಯಾಪದಗಳ ನಡುವಿನ ವ್ಯತ್ಯಾಸ ಇಲ್ಲಿ ಜೀವದ ಪ್ರಶ್ನೆ.